ಒಂದೇ ಹಂದರ, ಎರಡು ಮದುವೆ: ನಾವು ತಡೆದ ಒಂದು ಬಾಲ್ಯವಿವಾಹದ ಕತೆ

ಹುಡುಗಿಯ ಹೆಸರು, ಊರು, ಶಾಲೆ ಯಾವುದನ್ನೂ ಇಲ್ಲಿ ಬರೆಯೋದಿಲ್ಲ. ಬಾಲನ್ಯಾಯ ಕಾಯ್ದೆ 2015ರ ಕಲಂ 74 ಬರೆಯಬಾರದು ಅನ್ನುತ್ತದೆ. ಈಗ ಅವಳಿಗೆ 18 ತುಂಬಿದೆ, ತಾನೇ ಒಪ್ಪಿ ಕೂತು ಮಾತಾಡಿದ್ದಾಳೆ. ಆದರೂ ಆ ಊರಲ್ಲಿ ಇನ್ನೂ ಬಾಳಬೇಕಾದವರು ಅವಳ ಅಪ್ಪ, ಅವ್ವ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದ ಒಂದು ಊರು ಅಂತ ತಿಳಿದುಕೊಂಡರೆ ಸಾಕು. ಮ್ಯಾಪಿನಲ್ಲಿ ನೀರಾವರಿ, ಹೊಲಕ್ಕೆ ಹೋದರೆ ಕಾಲುವೆಯಲ್ಲಿ ಹುಲ್ಲು. ಮೇಲ್ಭಾಗದವರ ಗದ್ದೆಗೆ ಭತ್ತದ ಸಸಿ ಹಚ್ಚೋಕೆ ಹೋಗೋದು, ಅದು ಮುಗಿದ ಮೇಲೆ ಬೆಂಗಳೂರಿಗೆ ಬಿಲ್ಡಿಂಗ್ ಕೆಲಸಕ್ಕೆ ಹೋಗೋದು. ಊರಿನ ಅರ್ಧ ಮನೆಗಳ ವರ್ಷ ಹೀಗೇ ಕಳೆಯುತ್ತದೆ.

2022ರಲ್ಲಿ ನಾನು ಜಿಲ್ಲೆಯ ಒಂದು ಮಕ್ಕಳ ರಕ್ಷಣಾ ಸಂಸ್ಥೆಯಲ್ಲಿದ್ದೆ. ಆಗ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಬಂದರೆ ಓಡುತ್ತಿದ್ದದ್ದು ನಮ್ಮಂಥ ಸ್ವಯಂಸೇವಾ ಸಂಸ್ಥೆಗಳೇ. ಈ ನಂಬರು ಶುರುವಾದದ್ದು 1996ರಲ್ಲಿ, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿ ಕಲಿಸುತ್ತಿದ್ದ ಜೆರೂ ಬಿಲಿಮೋರಿಯಾ ಅವರು ರೈಲ್ವೆ ಸ್ಟೇಷನ್ನಿನ, ಬೀದಿಯ ಮಕ್ಕಳಿಗಾಗಿ ಶುರು ಮಾಡಿದ್ದು. ‘ದಸ್ ನೌ ಆಠ್’ ಅಂದರೆ ಮಕ್ಕಳ ಬಾಯಲ್ಲಿ ಬೇಗ ಕೂರುತ್ತದೆ. ನಮ್ಮ ಕಡೆ ಅದು ‘ಹತ್ತು ಒಂಬತ್ತೆಂಟು’ ಆಗಿ ಶಾಲೆಯ ಗೋಡೆ ಮೇಲೆ ನೀಲಿ ಬಣ್ಣದಲ್ಲಿ ಇರುತ್ತದೆ. ಪಕ್ಕದಲ್ಲಿ ಶೌಚಾಲಯದ ಘೋಷಣೆ.

ಬಸವ ಜಯಂತಿ ಕಳೆದು ಒಂದು ವಾರ ಆಗಿತ್ತು. ಸಂಜೆ 7 ಗಂಟೆ 40 ನಿಮಿಷಕ್ಕೆ ಕರೆ ಬಂತು. ನಾಳೆ ಬೆಳಗಿನ ಜಾವ ಅಕ್ಕಿಕಾಳು, ಹುಡುಗಿ ಒಂಬತ್ತನೇ ಕ್ಲಾಸು, ಬೇಗ ಬರ್ರಿ. ಇಷ್ಟೇ. ಕರೆ ಮಾಡಿದ್ದು ಯಾರು ಅಂತ ನನಗೆ ಗೊತ್ತು. ಹೇಳೋದಿಲ್ಲ. ಈ ಕೆಲಸದಲ್ಲಿ ನಮ್ಮ ಹತ್ತಿರ ಇರುವ ಬಂಡವಾಳ ಅದೊಂದೇ.

ನಾವು ಹೋಗಿ ಮುಟ್ಟುವಾಗ ಒಂಬತ್ತು ಗಂಟೆ. ನಾನು, ನಮ್ಮ ಫೀಲ್ಡ್ ಹುಡುಗ, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿನ ಮೇಲ್ವಿಚಾರಕಿ, ಪಂಚಾಯ್ತಿಯ ಪಿಡಿಒ, ಒಬ್ಬ ಮಹಿಳಾ ಪೇದೆ. ಪೇದೆ ಯೂನಿಫಾರ್ಮಿನಲ್ಲೇ ಇದ್ದರು. ಮಕ್ಕಳ ಹತ್ತಿರ ಹೋಗುವ ಪೊಲೀಸರು ಮಫ್ತಿಯಲ್ಲಿ ಇರಬೇಕು ಅಂತ ನಿಯಮ ಇದೆ. ಆದರೆ ಅವರು ಬಂದೋಬಸ್ತ್ ಡ್ಯೂಟಿಯಿಂದ ನೇರ ಜೀಪು ಹತ್ತಿದ್ದರು. ಬಟ್ಟೆ ಬದಲಿಸಿ ಬನ್ನಿ ಅನ್ನೋಕೆ ನನಗೂ ಹೊಳೆಯಲಿಲ್ಲ. ಇದು ಆಮೇಲೆ ಎಷ್ಟು ದುಬಾರಿ ಆಯ್ತು ಅಂತ ಮುಂದೆ ಹೇಳ್ತೀನಿ.

ಮನೆ ಮುಂದೆ ಹಂದರ. ತೆಂಗಿನ ಗರಿ, ಮಾವಿನ ತೋರಣ, ಸೀರಿಯಲ್ ಲೈಟು. ಹಿತ್ತಲಲ್ಲಿ ಎರಡು ದೊಡ್ಡ ಡಬರಿಯಲ್ಲಿ ಗೋದಿ ಹುಗ್ಗಿ ಕುದೀತಾ ಇತ್ತು. ಲಗ್ನಪತ್ರಿಕೆ ಕೇಳಿದೆವು. ಕೊಟ್ಟರು. ಅದರಲ್ಲಿ ದೊಡ್ಡ ಮಗಳ ಹೆಸರು ಮಾತ್ರ ಇತ್ತು. ಅವಳಿಗೆ 19, ವರನಿಗೆ 24. ಕಾಯ್ದೆ ಪ್ರಕಾರ ಏನೂ ತಕರಾರಿಲ್ಲದ ಮದುವೆ. ‘ನೋಡ್ರಿ, ಯಾರೋ ಸುಮ್ನ ಸುಳ್ಳ ಹೇಳ್ಯಾರ’ ಅಂದರು ಹುಡುಗಿಯ ಅಪ್ಪ. ವಾಪಸ್ ಹೊರಡೋದೇ ಬಾಕಿ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಇಬ್ಬರು ಹುಡುಗಿಯರು ಇಣುಕಿದರು. ಇಬ್ಬರ ಕೈಗೂ ಅರಿಶಿಣ.

ಅಕ್ಕನ ಮದುವೆಯಲ್ಲಿ ತಂಗಿಗೂ ನಾಲ್ಕು ಚಿಟಿಕೆ ಅರಿಶಿಣ ತಾಗಬಹುದು, ಅದರಲ್ಲೇನು ಅಂತ ಕೇಳಬಹುದು. ಇದು ಹಾಗಲ್ಲ. ಮೊಣಕೈವರೆಗೆ, ಒಂದೇ ಸಮ ಮೆತ್ತಿದ ಅರಿಶಿಣ. ಮೇಲ್ವಿಚಾರಕಿ ನನ್ನ ಮುಖ ನೋಡಿದರು.

ಆಧಾರ್ ಕಾರ್ಡು ತಂದರು. ಹುಟ್ಟಿದ ವರ್ಷ 2004 ಅಂತಿತ್ತು, ಲೆಕ್ಕಕ್ಕೆ 18 ಆಗಿತ್ತು. ತಿದ್ದುಪಡಿ ಮಾಡಿಸಿ ತಿಂಗಳೂ ಆಗಿರಲಿಲ್ಲ. ಬಾಲನ್ಯಾಯ ಕಾಯ್ದೆಯ ಕಲಂ 94ರಲ್ಲಿ ವಯಸ್ಸಿಗೆ ಮೊದಲು ನೋಡಬೇಕಾದ್ದು ಶಾಲೆಯ ಜನ್ಮದಿನಾಂಕದ ದಾಖಲೆ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯ್ತಿ-ಮುನಿಸಿಪಾಲಿಟಿಯ ಜನನ ಪತ್ರ, ಅದೂ ಇಲ್ಲದಿದ್ದರೆ ವೈದ್ಯಕೀಯ ಪರೀಕ್ಷೆ. ಆ ಪಟ್ಟಿಯಲ್ಲಿ ಆಧಾರ್ ಇಲ್ಲವೇ ಇಲ್ಲ. ಶಾಲೆಯ ಹೆಡ್‌ಮಿಸ್ ಮನೆ ಅದೇ ಊರಲ್ಲಿತ್ತು. ರಾತ್ರಿ ಒಂಬತ್ತೂವರೆಗೆ ಮೊಬೈಲ್ ಟಾರ್ಚ್ ಹಿಡಿದು ಶಾಲೆಯ ಬೀಗ ತೆಗೆದು ದಾಖಲಾತಿ ರಿಜಿಸ್ಟರ್ ತಂದರು. ಒಂದನೇ ಕ್ಲಾಸಿಗೆ ಸೇರುವಾಗ ಬರೆದದ್ದು: ಜೂನ್ 2007. ಅಂದರೆ 15 ತುಂಬೋಕೆ ಇನ್ನೂ ಒಂದು ತಿಂಗಳಿತ್ತು.

ಆಮೇಲೆ ಗಂಟು ಒಂದೊಂದೇ ಬಿಚ್ಚಿತು. ಎರಡನೇ ವರ ಮೊದಲನೇ ವರನ ತಮ್ಮ. ಅವನಿಗೆ 20, ಗಂಡಿಗೆ ಬೇಕಾದ 21 ಅವನಿಗೂ ಆಗಿರಲಿಲ್ಲ. ಇಬ್ಬರೂ ಹುಡುಗಿಯರ ಸೋದರಮಾವನ ಮಕ್ಕಳು. ಹುಡುಗಿಯ ಅವ್ವ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು ಹೀಗಿತ್ತು: ‘ಎರಡ್ ಸಲ ಹಂದರ ಹಾಕಾಕ ನಮ್ಮಂತಾವ್ರಿಗೆ ಎಲ್ಲಿ ಆಕ್ಕತ್ರೀ ಅಕ್ಕಾರ? ಒಂದ ಅಡಗಿ, ಒಂದ ಬ್ಯಾಂಡು, ಒಬ್ರ ಅಯ್ಯನಾರು. ಮತ್ತ ಹೊರಗಿನವ್ರೇನ್ ಅಲ್ಲಲ್ಲ, ನಮ್ಮಣ್ಣನ ಮನಿ.’

ಅಣ್ಣನ ಮನೆ ಅನ್ನೋದರ ಹಿಂದೆ ಇನ್ನೊಂದು ಲೆಕ್ಕ ಇತ್ತು. ಅದು ನಮಗೆ ಆ ರಾತ್ರಿ ಗೊತ್ತಾಗಲಿಲ್ಲ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಬರಿಗೈಲಿ ಬಂದಾಗ ಇವರು ಆ ಅಣ್ಣನ ಹತ್ತಿರ ₹60,000 ಕೈಗಡ ತಗೊಂಡಿದ್ದರು. ಎರಡು ವರ್ಷ ಶಾಲೆಯೂ ನೆಟ್ಟಗೆ ನಡೆಯಲಿಲ್ಲ. ಅಣ್ಣ ಅಂದಿದ್ದ: ರೊಕ್ಕ ಇರ್ಲಿ ಬಿಡು, ಸಣ್ಣಾಕಿನ್ನೂ ನಮ್ಮ ಮನಿಗೇ ಕೊಡು.

ಅವನೇ ಈಗ ಹಂದರದ ನಡುವೆ ಟವೆಲ್ ಕೊಡವಿ ನಿಂತ. ‘ಎರಡೂ ಆದ್ರ ಆಗ್ಲಿ. ಇಲ್ಲಂದ್ರ ಒಂದೂ ಬ್ಯಾಡ.’

ನಾವು ತಡೆಯೋಕೆ ಬಂದದ್ದು ಒಂದು ಮದುವೆ. ಮುರಿಯೋ ಹಾಗೆ ಕಂಡದ್ದು ಇನ್ನೊಂದು, ಕಾಯ್ದೆಬದ್ಧವಾದದ್ದು, ದೊಡ್ಡವಳು ಒಪ್ಪಿ ಕೂತಿದ್ದ ಮದುವೆ. ತರಬೇತಿಯಲ್ಲಿ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ಅಲ್ಲಿ ಕಲಿಸೋದು ಕಲಂಗಳನ್ನ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ, ಕಲಂ 9ರಲ್ಲಿ 18 ದಾಟಿದ ವರನಿಗೆ ಎರಡು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಅದರ ಮೇಲೆ ಕರ್ನಾಟಕದ 2016ರ ತಿದ್ದುಪಡಿ. ಅದರಿಂದ ನಮ್ಮ ರಾಜ್ಯದಲ್ಲಿ ಇಂಥ ಮದುವೆ ಮೊದಲಿನಿಂದಲೇ ಅಸಿಂಧು, ಸಜೆಗೆ ಕನಿಷ್ಠ ಮಿತಿಯೂ ಬಂತು. ಇದನ್ನೆಲ್ಲ ಪಿಡಿಒ ಗಟ್ಟಿಯಾಗಿ ಹೇಳಿದರು. ‘ನಿನ್ನ ಸಣ್ಣ ಮಗ ಜೈಲಿಗೆ ಹೋಗ್ತಾನ’ ಅಂದಾಗ ಮಾತ್ರ ಆ ಮನುಷ್ಯನ ದನಿ ಸ್ವಲ್ಪ ಇಳಿಯಿತು. ಆದರೂ ಜಗ್ಗಲಿಲ್ಲ. ಹನ್ನೊಂದೂವರೆಗೆ ಅವನ ಹೆಂಡತಿ, ಇಬ್ಬರು ವರಂದಿರ ತಾಯಿ, ಅಡುಗೆ ಕಡೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ‘ದೊಡ್ಡಾಕಿದರ ಮುಗಸ್ರಿ. ಹುಗ್ಗಿ ಹಳಸ್ತೈತಿ’ ಅಂದಳು. ಅಷ್ಟಕ್ಕೆ ಪಂಚಾಯ್ತಿ ಮುಗಿಯಿತು.

ಅಪ್ಪ ಅವ್ವನ ಕೈಲಿ ಮುಚ್ಚಳಿಕೆ ಬರೆಸಿಕೊಂಡೆವು. 18 ತುಂಬುವವರೆಗೆ ಮದುವೆ ಮಾಡುವುದಿಲ್ಲ, ಶಾಲೆಗೆ ಕಳಿಸುತ್ತೇವೆ, ಸಹಿ, ಹೆಬ್ಬೆಟ್ಟು. ಮುಚ್ಚಳಿಕೆ ಎಷ್ಟು ಗಟ್ಟಿ ಅಂತ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಬರೆದುಕೊಟ್ಟ ಹದಿನೈದು ದಿನಕ್ಕೆ ಪಕ್ಕದ ಜಿಲ್ಲೆಯ ಗುಡಿಯಲ್ಲಿ ತಾಳಿ ಕಟ್ಟಿದ ಮದುವೆಗಳನ್ನು ನಾನೇ ನೋಡಿದ್ದೇನೆ. ಅದಕ್ಕೇ ಭಯ. ಹುಡುಗಿಯನ್ನು ಅಲ್ಲೇ ಬಿಟ್ಟರೆ ಬೆಳಗಿನ ಜಾವ ಅದೇ ಹಂದರದಲ್ಲಿ ಎರಡನೇ ತಾಳಿಯೂ ಬೀಳುತ್ತದೆ. ರಾತ್ರಿ ಹನ್ನೆರಡೂವರೆಗೆ ಅವಳನ್ನು ಜೀಪಿಗೆ ಹತ್ತಿಸಿದೆವು. ಇಂಥ ಮಕ್ಕಳು ಎಲ್ಲಿರಬೇಕು ಅಂತ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಸದಸ್ಯರಿಗೆ ಫೋನಿನಲ್ಲಿ ತಿಳಿಸಿ, 70 ಕಿಲೋಮೀಟರ್ ದೂರದ ಬಾಲಕಿಯರ ಬಾಲಮಂದಿರ ಮುಟ್ಟಿದಾಗ ಎರಡು ಗಂಟೆ ದಾಟಿತ್ತು.

ನಮ್ಮ ಫೈಲಿನಲ್ಲಿ ಆ ರಾತ್ರಿಯ ಬಗ್ಗೆ ಒಂದೇ ಸಾಲಿದೆ: ‘ಬಾಲ್ಯವಿವಾಹ ಯಶಸ್ವಿಯಾಗಿ ತಡೆಯಲಾಯಿತು.’

ಹುಡುಗಿ ಹೇಳೋದು ಬೇರೆ. 2025ರಲ್ಲಿ, ಪಿಯುಸಿ ಮುಗಿದ ಮೇಲೆ, ಬಸ್ ಸ್ಟ್ಯಾಂಡಿನ ಎದುರು ಕೂತು ಮಿರ್ಚಿ ತಿನ್ನುತ್ತಾ ಹೇಳಿದಳು.

‘ಮದುವಿ ನಿಂತಿದ್ದು ಚೊಲೋ ಆತ್ರಿ. ನಾನೂ ಒಲ್ಲೆ ಅಂತ ಅತ್ತಿದ್ದೆ. ಆದ್ರ ಪೊಲೀಸ್ ಬಾಯಿ ರಟ್ಟಿ ಹಿಡದು ಜೀಪ್ ಹತ್ತಿಸಿದ್ರಲ್ಲ, ಇಡೀ ಓಣಿ ನೋಡ್ತು. ನಾ ಏನ್ ಕಳುವು ಮಾಡಿದ್ನೆನ್ರೀ? ಮುಂದ ಒಂದ್ ವರ್ಷ ಎಲ್ರೂ ನನ್ನ ಜೈಲಿಗೆ ಹೋಗಿ ಬಂದಾಕಿ ಅಂತಿದ್ರು.’

ಯೂನಿಫಾರ್ಮಿನ ದುಬಾರಿ ಅಂದೆನಲ್ಲ, ಇದೇ ಅದು.

ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಹೇಳಿದಳು. ‘ನನ್ನ ಅಕ್ಕನ ಮದುವಿ ನಾ ನೋಡ್ಲೇ ಇಲ್ಲ.’

ಬೆಳಗಿನ ಜಾವ ಅಕ್ಕನ ಮದುವೆ ನಡೆಯುವಾಗ ಇವಳು ಬಾಲಮಂದಿರದ ಮಂಚದ ಮೇಲೆ ಕೂತು ಕೈಯ ಅರಿಶಿಣ ಕೆರೆಯುತ್ತಿದ್ದಳಂತೆ. ಅದು ಎರಡು ದಿನ ಹೋಗಲಿಲ್ಲ.

ಈ ಮಾತು ಕೇಳಿದ ಮೇಲೆ ನಾನು ಆ ರಾತ್ರಿಯನ್ನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಮಗುವನ್ನು ಸಮಿತಿಯ ಮುಂದೆ ಹಾಜರುಪಡಿಸೋಕೆ ಬಾಲನ್ಯಾಯ ಕಾಯ್ದೆಯ ಕಲಂ 31 ಕೊಡೋದು 24 ಗಂಟೆ, ಪ್ರಯಾಣದ ಹೊತ್ತು ಬಿಟ್ಟು. ತಡ ಮಾಡಬೇಡಿ ಅಂತಲೂ ಅದೇ ಕಲಂ ಹೇಳುತ್ತದೆ. ಆದರೂ ಮೇಲ್ವಿಚಾರಕಿ ಮತ್ತು ನಾನು ಅಂಗನವಾಡಿ ಟೀಚರ ಮನೆಯಲ್ಲಿ ಅವಳ ಜೊತೆ ರಾತ್ರಿ ಕಳೆದು, ಬೆಳಿಗ್ಗೆ ಅವಳ ಪಕ್ಕದಲ್ಲೇ ನಿಂತು ಅಕ್ಕನಿಗೆ ಅಕ್ಕಿಕಾಳು ಹಾಕಿಸಿ, ಮಧ್ಯಾಹ್ನ ಊಟ ಮಾಡಿಸಿಕೊಂಡು ಹೊರಡಬಹುದಿತ್ತು ಅಲ್ವಾ? ಬೀಗರ ಕಡೆಯ ನಲವತ್ತು ಗಂಡಸರು ಕುಡಿದು ನಿಂತಿದ್ದರು, ನಮ್ಮ ಜೊತೆ ಇದ್ದದ್ದು ಒಬ್ಬ ಪೇದೆ, ಅದೂ ನಿಜ. ಸರಿ ಮಾಡಿದೆವೋ ತಪ್ಪು ಮಾಡಿದೆವೋ ಅಂತ ನಾನು ಇನ್ನೂ ತೀರ್ಮಾನ ಮಾಡಿಕೊಂಡಿಲ್ಲ. ಆದರೆ ಈಗ ಯಾರಾದರೂ ಹೊಸಬರು ನನ್ನ ಹತ್ತಿರ ಕೇಳಿದರೆ, ಮಗುವನ್ನು ಒಯ್ಯುವ ಮೊದಲು ‘ನಾಳೆ ಈ ಮನೆಯಲ್ಲಿ ಇನ್ನೇನಿದೆ’ ಅಂತ ಕೇಳಿ ಅಂತೀನಿ.

ಬಾಲಮಂದಿರದಲ್ಲಿ 19 ದಿನ ಇದ್ದಳು. ಆಮೇಲೆ ಸಮಿತಿ ಅಪ್ಪ ಅವ್ವನಿಗೇ ಒಪ್ಪಿಸಿತು, ತಿಂಗಳಿಗೊಮ್ಮೆ ನಾವು ಹೋಗಿ ನೋಡಿ ವರದಿ ಕೊಡಬೇಕು ಅನ್ನೋ ಷರತ್ತಿನ ಮೇಲೆ. ಮದುವೆ ನಡೆಯದ ಕಾರಣ ಎಫ್‌ಐಆರ್ ಆಗಲಿಲ್ಲ. ಆಗದ್ದೇ ಒಳ್ಳೆಯದಾಯ್ತು ಅನ್ನೋದು ನನ್ನ ಅಭಿಪ್ರಾಯ. ನಮ್ಮಲ್ಲೇ ಕೆಲವರು ಒಪ್ಪೋದಿಲ್ಲ. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಬಾಲ್ಯವಿವಾಹದ ಬಗ್ಗೆ ಕೊಟ್ಟ ತೀರ್ಪಿನಲ್ಲಿ ಶಿಕ್ಷೆಗಿಂತ ಮೊದಲು ತಡೆಗೆ ಒತ್ತು ಕೊಡಿ ಅಂದಿದೆ. ಆ ತೀರ್ಪು ಓದುವಾಗ ನನಗೆ ಹುಗ್ಗಿ ಹಳಸುತ್ತೆ ಅಂದ ಆ ತಾಯಿ ನೆನಪಾದಳು.

ನಿಂತ ಮದುವೆಯ ಲೆಕ್ಕ ನಮ್ಮ ಬಾಗಿಲಿಗೆ ಬಂದದ್ದು ಜೂನ್‌ನಲ್ಲಿ. ಅಣ್ಣ ₹60,000 ವಾಪಸ್ ಕೇಳಿದ. ಒಂದೇ ಗಂಟಿಗೆ. ಅವ್ವ ಮಹಿಳಾ ಗುಂಪಿನ ಸಾಲ ಎತ್ತಿದಳು, ವಾರದ ಕಂತು. ಕಂತು ತುಂಬೋಕೆ ಗಂಡ ಹೆಂಡತಿ ಇಬ್ಬರೂ ಬೆಂಗಳೂರಿಗೆ ಹೋಗಬೇಕು. ಹೋದರೆ ಹುಡುಗಿ ಎಲ್ಲಿರಬೇಕು? ಎಸ್ಸೆಸ್ಸೆಲ್ಸಿ ವರ್ಷ. ಮದುವೆ ಮಾಡಿಬಿಟ್ಟರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ ಅಂತ ಅವ್ವ ನನ್ನ ಮುಖಕ್ಕೇ ಹೇಳಿದಳು. ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ.

‘ನೀವು ಮದುವಿ ನಿಲ್ಲಸ್ಲಿಲ್ರೀ ಅಕ್ಕಾರ’ ಅಂದಳು. ‘ನನ್ನ ತವರ ನಿಲ್ಲಿಸಿದ್ರಿ. ಪಂಚಮಿಗೆ ಕರಿಯಾಕ ಯಾರೂ ಬರ್ಲಿಲ್ಲ ಈ ವರ್ಷ.’

ನಮ್ಮ ಸಂಸ್ಥೆಗೆ ಸಾಲ ತೀರಿಸೋಕೆ ದುಡ್ಡೂ ಇಲ್ಲ, ಅಧಿಕಾರವೂ ಇಲ್ಲ. ಮಾಡಿದ್ದು ಎರಡು ಕೆಲಸ. ಒಂದು, ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲಿನಲ್ಲಿ ಸೀಟು. ಅರ್ಜಿ ಹಾಕುವ ದಿನ ಮುಗಿದಿತ್ತು. ನಮ್ಮ ಫೀಲ್ಡ್ ಹುಡುಗ ನಾಲ್ಕು ಸಲ ತಾಲೂಕು ಆಫೀಸಿಗೆ ಹೋಗಿ ಕೂತ. ಐದನೇ ಸಲ ಅಲ್ಲಿಯ ಗುಮಾಸ್ತರು ‘ನಿಂದೇನಪ್ಪ ದಿನಾ’ ಅಂತ ಬೈದು ಸೀಟು ಕೊಟ್ಟರು. ಎರಡು, ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ. ತಿಂಗಳಿಗೆ ₹4,000. ಹಳ್ಳಿಯಲ್ಲಾದರೆ ಮನೆಯ ವರ್ಷದ ಆದಾಯ ₹72,000 ದಾಟಿರಬಾರದು. ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡು, ಬ್ಯಾಂಕ್ ಖಾತೆ, ಸಮಿತಿಯ ಆದೇಶ. ಆಧಾರ್‌ನಲ್ಲಿ 2004, ಶಾಲೆಯಲ್ಲಿ 2007 ಅಂತ ಇದ್ದದ್ದಕ್ಕೆ ಬ್ಯಾಂಕ್ ಖಾತೆಯೇ ಆಗಲಿಲ್ಲ. ಮದುವೆಗೆ ಅಂತ ಹೆಚ್ಚಿಸಿದ ವಯಸ್ಸನ್ನು ಮತ್ತೆ ಇಳಿಸೋಕೆ ಮೂರು ತಿಂಗಳು ಬೇಕಾಯ್ತು. ದುಡ್ಡು ಬಂದದ್ದು ಅರ್ಜಿ ಹಾಕಿ ಹನ್ನೊಂದು ತಿಂಗಳಿಗೆ. ಅದರಲ್ಲಿ ಅರ್ಧ ಅವಳ ಪುಸ್ತಕ, ಬಟ್ಟೆಗೆ ಹೋಯ್ತು, ಅರ್ಧ ವಾರದ ಕಂತಿಗೆ. ಯೋಜನೆಯ ಲೆಕ್ಕದಲ್ಲಿ ಅದು ತಪ್ಪು. ನಾನು ಕಂಡೂ ಕಾಣದ ಹಾಗೆ ಇದ್ದೆ.

ದಸರಾ ರಜೆ ಬಂತು. ಹಾಸ್ಟೆಲ್ ಖಾಲಿ ಆಗುತ್ತದೆ, ಎಲ್ಲರೂ ಊರಿಗೆ ಹೋಗಬೇಕು. ಅಪ್ಪ ಅವ್ವ ಬೆಂಗಳೂರಲ್ಲಿ. ಮಾವ ‘ನಮ್ಮ ಮನಿಗೆ ಬರ್ಲಿ, ಅಕ್ಕ ಅದಾಳಲ್ಲ’ ಅಂತ ಹೇಳಿ ಕಳಿಸಿದ್ದ. ಆ ಮನೆಯಲ್ಲಿ ಆ 20ರ ಹುಡುಗನೂ ಇದ್ದ. ಹುಡುಗಿ ವಾರ್ಡನ್ ಫೋನಿನಿಂದ ನನಗೆ ಕರೆ ಮಾಡಿದಳು. ‘ಅಕ್ಕಾರ, ರಜಾ ಮುಗಿಯುತನ ಬಾಲಮಂದಿರದಾಗ ಇಟ್ಕೊಂತಾರೇನ್ ಕೇಳ್ರಿ.’

ಸಮಿತಿಯವರಿಗೇ ಆಶ್ಚರ್ಯ. ಒಪ್ಪಿದರು. ಹತ್ತು ದಿನ ಅಲ್ಲೇ ಇದ್ದಳು. ಅದೇ ಕಟ್ಟಡ, ಅದೇ ಮಂಚ, ಅದೇ ತಿಳಿ ಸಾರು. ಆದರೆ ಮೇ ತಿಂಗಳಲ್ಲಿ ಅವಳನ್ನು ನಾವು ಒಯ್ದಿದ್ದೆವು, ಅಕ್ಟೋಬರ್‌ನಲ್ಲಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಸ್ ಹತ್ತಿ ಅವಳೇ ಬಂದಳು. ನನ್ನ ಕೇಳಿದರೆ ಈ ಪ್ರಕರಣದಲ್ಲಿ ಮದುವೆ ನಿಜವಾಗಿ ನಿಂತದ್ದು ಅವತ್ತು.

ಹೆಡ್‌ಮಿಸ್ ಕತೆಯನ್ನು ಬಿಟ್ಟರೆ ಈ ಬರಹ ಅರ್ಧವೇ. ರಿಜಿಸ್ಟರ್ ಹಿಡಿದು ಬಂದದ್ದನ್ನು ಊರು ನೋಡಿತ್ತಲ್ಲ, ಕರೆ ಮಾಡಿದ್ದೂ ಅವರೇ ಅಂತ ತೀರ್ಮಾನ ಆಯ್ತು. ಅವರಲ್ಲ. ಆದರೆ ‘ಅವರಲ್ಲ’ ಅಂತ ನಾವು ಹೇಳಿದರೆ ಮುಂದಿನ ಪ್ರಶ್ನೆ ‘ಮತ್ತ್ಯಾರು?’ ಹಾಗಾಗಿ ನಾವು ಬಾಯಿ ಮುಚ್ಚಿಕೊಂಡೆವು, ಅವರು ಅನುಭವಿಸಿದರು. ಅವರ ಸ್ಕೂಟಿಯ ಸೀಟನ್ನು ಯಾರೋ ಬ್ಲೇಡಿನಲ್ಲಿ ಹರಿದರು. ಹಾಲು ಹಾಕುವವಳು ಬರೋದು ನಿಲ್ಲಿಸಿದಳು. ಮುಂದಿನ ವರ್ಗಾವಣೆ ಕೌನ್ಸೆಲಿಂಗಿನಲ್ಲಿ ಅವರು ಬೇರೆ ತಾಲೂಕು ತಗೊಂಡರು. ‘ಕರೆ ಮಾಡಿದವರ ಹೆಸರು ಗುಟ್ಟು ಮೇಡಂ’ ಅಂದರು ಒಮ್ಮೆ, ಬೇಜಾರಿಲ್ಲದೆ. ‘ದಾಖಲೆ ಕೊಟ್ಟವರದು ಗುಟ್ಟಲ್ಲ.’ ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ರಿಜಿಸ್ಟರನ್ನು ಹಂದರಕ್ಕೆ ತರಿಸದೆ ನಾವೇ ಶಾಲೆಗೆ ಹೋಗಿ ಫೋಟೋ ಹೊಡೆದುಕೊಂಡು ಬರಬಹುದಿತ್ತು. ಇಂಥ ಸಣ್ಣ ಬುದ್ಧಿಗಳೆಲ್ಲ ತಡವಾಗಿ ಬರುತ್ತವೆ.

2023ರಲ್ಲಿ ಇನ್ನೊಂದು ಬದಲಾವಣೆ. 1098 ಸರ್ಕಾರದ ಕೈಗೆ ಹೋಯ್ತು, ತುರ್ತು ಕರೆಯ 112ರ ಜೊತೆ ಸೇರಿತು. ಜಿಲ್ಲೆಯ ಕೆಲಸ ಮಕ್ಕಳ ರಕ್ಷಣಾ ಘಟಕದ ಸಹಾಯವಾಣಿ ತಂಡಕ್ಕೆ ಬಂತು. ನಮ್ಮ ಆಫೀಸಿಗೆ ಬೀಗ. ನಮ್ಮ ಫೈಲುಗಳನ್ನು ಮೂರು ಗೋಣಿ ಚೀಲದಲ್ಲಿ ಒಪ್ಪಿಸಿದೆವು. ಹೊಸಬರು ಕೆಲಸ ಮಾಡೋದಿಲ್ಲ ಅಂತ ನಾನು ಹೇಳೋದಿಲ್ಲ, ಕೆಲವರು ನಮಗಿಂತ ಚುರುಕು. ಆದರೆ ಈ ಹುಡುಗಿಯ ಅವ್ವನಿಗೆ ಅದೇನೂ ಗೊತ್ತಿಲ್ಲ. ಅವಳ ಫೋನಿನಲ್ಲಿ ನನ್ನ ನಂಬರು ‘ಮದುವಿ ಅಕ್ಕ’ ಅಂತಲೇ ಇದೆ. ಮೊದಮೊದಲು ಬೈಯೋಕೆ ಮಾಡುತ್ತಿದ್ದಳು. ಆಮೇಲೆ ಹಾಸ್ಟೆಲ್ ಬಿಲ್ಲು, ಸ್ಕಾಲರ್‌ಶಿಪ್ಪು, ಮಗಳ ಹಲ್ಲುನೋವು. ಕೊನೇ ಕಂತು ತುಂಬಿದ ದಿನವೂ ಮಾಡಿದ್ದಳು. ಏನೂ ಹೇಳಲಿಲ್ಲ, ‘ಮುಗೀತ್ರಿ’ ಅಂದು ಇಟ್ಟಳು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ನೋಡಿ. ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಹೆಂಗಸರಲ್ಲಿ 18 ತುಂಬುವ ಮೊದಲೇ ಮದುವೆಯಾದವರು ನಾಲ್ಕನೇ ಸಮೀಕ್ಷೆಯಲ್ಲಿ ಶೇಕಡಾ 21.4 ಇದ್ದರು. ಐದನೆಯದರಲ್ಲಿ, ಅಂದರೆ 2019-21ರಲ್ಲಿ, ಶೇಕಡಾ 21.3. ಅಷ್ಟು ಜೀಪು ಓಡಿ, ಅಷ್ಟು ಮುಚ್ಚಳಿಕೆ ಬರೆಸಿಕೊಂಡು, ಪಾಯಿಂಟ್ ಒಂದು.

ಕಳೆದ ವರ್ಷ ಆ ಊರಿಗೆ ಹೋಗಿದ್ದೆ. ಮಾವನ ಸಣ್ಣ ಮಗನಿಗೆ ಬೇರೆ ಕಡೆ ಮದುವೆ ಆಗಿದೆ. ಅಣ್ಣ ತಂಗಿ ಮಾತು ಮತ್ತೆ ಶುರುವಾಗಿದೆ, ಪಂಚಮಿಗೆ ಕರೆಯೋಕೆ ಬಂದಿದ್ದರಂತೆ. ದೊಡ್ಡ ಮಗಳು ಬಾಣಂತನಕ್ಕೆ ಬಂದು ತವರಲ್ಲೇ ಇದ್ದಳು. ಮೊದಲ ವರ್ಷ ಅತ್ತೆ ಮನೆಯಲ್ಲಿ ಅವಳು ಕೇಳಿದ ಚುಚ್ಚುಮಾತುಗಳ ಬಗ್ಗೆ ನಾನು ಕೇಳಿದೆ. ‘ಅದನ್ಯಾಕ ಈಗ’ ಅಂದು ಎದ್ದು ಹೋಗಿ ಮದುವೆಯ ಆಲ್ಬಮ್ ತಂದಳು.

ಮೂರನೇ ಪುಟದಲ್ಲಿ ಮದುಮಕ್ಕಳ ಪಕ್ಕ ತಂಗಿ ನಿಂತಿದ್ದಾಳೆ. ಗುಲಾಬಿ ಸೀರೆ, ಕೈಯಲ್ಲಿ ಆರತಿ ತಟ್ಟೆ. ನಾನು ಎರಡು ಸಲ ನೋಡಿದೆ. ಅಕ್ಕ ನಕ್ಕಳು. ತಾಲೂಕಿನ ಸ್ಟುಡಿಯೋದವನಿಗೆ ₹300 ಕೊಟ್ಟು ಸೇರಿಸಿದ್ದಂತೆ. ಮುಖ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟಿಗೆ ತೆಗೆಸಿದ ಫೋಟೋದ್ದು. ಎರಡು ಜಡೆ, ರಿಬ್ಬನ್ನು, ನಗು ಇಲ್ಲ.

ಹುಡುಗಿ ಹಿಂದಿನಿಂದ ಬಗ್ಗಿ ನೋಡಿದಳು.

‘ಮೊಕಾ ನಂದು’ ಅಂದಳು. ‘ಸೀರಿ ಯಾರದೋ ಏನೋ.’